ಕ್ಷಯಾಣುವಿನ ಎದುರು ದೇಹ: ರೋಗನಿರೋಧಕ ವ್ಯವಸ್ಥೆಯ ಶಕ್ತಿ ಮತ್ತು ಹದ

ಕ್ಷಯದ ಸೂಕ್ಷ್ಮಾಣುವನ್ನು ಉಸಿರಿನೊಡನೆ ಒಳಗೆಳೆದುಕೊಂಡವರಲ್ಲಿ ಬಹುಪಾಲು ಜನ ಜೀವಮಾನದಲ್ಲಿ ಎಂದೂ ಕ್ಷಯರೋಗಿಗಳಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಜನಸಂಖ್ಯೆಯ ಸುಮಾರು ಕಾಲುಭಾಗಕ್ಕೆ ಈ ಸೋಂಕು ಒಂದಲ್ಲ ಒಂದು ಕಾಲದಲ್ಲಿ ತಗುಲಿದೆ. ಹಾಗೆ ಸೋಂಕು ತಗುಲಿದವರಲ್ಲಿ ರೋಗ ಕಾಣಿಸಿಕೊಳ್ಳುವುದು ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ, ಅದೂ ಹೆಚ್ಚಾಗಿ ಸೋಂಕು ತಗುಲಿದ ಮೊದಲ ಎರಡು ವರ್ಷಗಳೊಳಗೆ. ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿಯ ದೇಹ ಯಾವ ಔಷಧದ ನೆರವೂ ಇಲ್ಲದೆ ಕ್ಷಯಾಣುವನ್ನು ಹತ್ತಿಕ್ಕಿ ಇಡುತ್ತದೆ, ಇಲ್ಲವೇ ಪೂರ್ತಿ ಅಳಿಸಿಹಾಕುತ್ತದೆ. ಇಷ್ಟಾದರೂ 2023ರ ಒಂದೇ ವರ್ಷದಲ್ಲಿ ಸುಮಾರು 1 ಕೋಟಿ 8 ಲಕ್ಷ ಜನ ಹೊಸದಾಗಿ ಕ್ಷಯಕ್ಕೆ ತುತ್ತಾದರು, ಸುಮಾರು 12.5 ಲಕ್ಷ ಜನ ಸತ್ತರು, ಮತ್ತು ತುತ್ತಾದವರಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವರು ಭಾರತೀಯರಾಗಿದ್ದರು. ಒಂದೇ ಬಗೆಯ ಅಂಗಾಂಗ, ಒಂದೇ ಬಗೆಯ ರಕ್ತಕಣಗಳಿರುವ ಮನುಷ್ಯರಲ್ಲಿ ಒಬ್ಬನ ದೇಹ ಗೆಲ್ಲುವುದೂ ಇನ್ನೊಬ್ಬನ ದೇಹ ಸೋಲುವುದೂ ಏಕೆ ಎಂಬ ಪ್ರಶ್ನೆ, ಮಾನವನ ರೋಗನಿರೋಧಕ ವ್ಯವಸ್ಥೆ ಸೋಂಕಿಗೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬ ದೊಡ್ಡ ಪ್ರಶ್ನೆಯ ತಿರುಳನ್ನೇ ಮುಟ್ಟುತ್ತದೆ. ನೆಗಡಿ, ದಡಾರಗಳಂತಹ ಸೋಂಕುಗಳಲ್ಲಿ ಈ ವ್ಯವಸ್ಥೆಯ ಕೆಲಸ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ; ಕ್ಷಯದಲ್ಲಿ ಅದು ವರ್ಷಗಟ್ಟಲೆ ಸಾಗುವುದರಿಂದ ಅದರ ಬಲವೂ ಮಿತಿಯೂ ನಿಚ್ಚಳವಾಗಿ ಕಾಣಸಿಗುತ್ತವೆ.

ಈ ವ್ಯವಸ್ಥೆಯ ಅಧ್ಯಯನದ ಆರಂಭವೂ ಕ್ಷಯದೊಡನೆಯೇ ಹೆಣೆದುಕೊಂಡಿದೆ. ರಾಬರ್ಟ್ ಕೋಕ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಕ್ಷಯದ ಸೂಕ್ಷ್ಮಾಣುವನ್ನು ಕಂಡುಹಿಡಿದುದನ್ನು ಪ್ರಕಟಿಸಿದ ವರ್ಷದಲ್ಲೇ ಎಲೀ ಮೆಚ್ನಿಕಾಫ್ ಸಿಸಿಲಿಯ ಮೆಸ್ಸೀನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗಳ ಮೈಗೆ ಗುಲಾಬಿ ಮುಳ್ಳು ಚುಚ್ಚಿ, ಅಲೆದಾಡುವ ಕೋಶಗಳು ಅದರ ಸುತ್ತ ಮುತ್ತಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಪರಕೀಯ ವಸ್ತುವನ್ನು ನುಂಗುವ ಭಕ್ಷಕ ಕೋಶಗಳೇ ದೇಹದ ರಕ್ಷಣೆಯ ಮೂಲವೆಂಬ ಸಿದ್ಧಾಂತವನ್ನು ಮುಂದಿಟ್ಟರು. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಅವರು ಧನುರ್ವಾಯು ಹಾಗೂ ಗಂಟಲಮಾರಿಯ ವಿಷವನ್ನು ಕೋಶಗಳಿಲ್ಲದ ರಕ್ತದ ತಿಳಿಯೊಂದೇ ನಿಷ್ಫಲಗೊಳಿಸಬಲ್ಲುದೆಂದು ತೋರಿಸಿದಾಗ, ರಕ್ಷಣೆ ಇರುವುದು ಕೋಶದಲ್ಲೋ ರಕ್ತದ್ರವದಲ್ಲೋ ಎಂಬ ವಾದ ಯುರೋಪಿನ ಪ್ರಯೋಗಶಾಲೆಗಳನ್ನು ಎರಡು ಪಾಳೆಯಗಳಾಗಿ ಒಡೆಯಿತು. 1908ರ ನೊಬೆಲ್ ಪಾರಿತೋಷಕವನ್ನು ಮೆಚ್ನಿಕಾಫ್ ಮತ್ತು ರಕ್ತದ್ರವದ ಪಕ್ಷದ ಪೌಲ್ ಎರ್ಲಿಕ್ ಅವರಿಗೆ ಹಂಚಿಕೊಟ್ಟದ್ದರಿಂದ ಎರಡೂ ಪಕ್ಷಗಳಿಗೆ ಮನ್ನಣೆ ಸಿಕ್ಕಿತಾದರೂ, ಯಾವ ರೋಗದಲ್ಲಿ ಯಾವುದರ ಪಾತ್ರ ಹಿರಿದು ಎಂಬುದು ಇತ್ಯರ್ಥವಾಗಲಿಲ್ಲ.

ಕೋಕ್ ಅವರೇ 1890ರಲ್ಲಿ ಕ್ಷಯಾಣುವಿನಿಂದ ತೆಗೆದ ಟ್ಯುಬರ್ಕ್ಯುಲಿನ್ ಎಂಬ ಸಾರವನ್ನು ಕ್ಷಯಕ್ಕೆ ಮದ್ದೆಂದು ಸಾರಿದರು. ರೋಗಿಗಳು ನಾಲ್ಕೂ ಕಡೆಯಿಂದ ಬರ್ಲಿನ್‌ಗೆ ಧಾವಿಸಿದರು. ಮದ್ದು ಗುಣಪಡಿಸಲಿಲ್ಲ, ಚುಚ್ಚುಮದ್ದಿನ ನಂತರ ಎದ್ದ ಉಗ್ರ ಜ್ವರ ಮತ್ತು ಉರಿಯೂತದಿಂದ ಕೆಲವರು ಸತ್ತೇ ಹೋದರು. ವೈದ್ಯಕೀಯ ಚರಿತ್ರೆ ಇದನ್ನು ಸಾಮಾನ್ಯವಾಗಿ ಕೋಕ್ ಅವರ ದೊಡ್ಡ ಸೋಲೆಂದು ದಾಖಲಿಸಿ ಮುಂದೆ ಸಾಗುತ್ತದೆ. ಆದರೆ ಅದರೊಳಗೊಂದು ಮಹತ್ವದ ತಿಳಿವಳಿಕೆ ಅಡಗಿತ್ತು: ಅದೇ ಸಾರ ಆರೋಗ್ಯವಂತರಲ್ಲಿ ಹೇಳಿಕೊಳ್ಳುವಂಥ ಪರಿಣಾಮ ಮಾಡದೆ ಸೋಂಕಿತರಲ್ಲಿ ಮಾತ್ರ ಜ್ವಾಲೆ ಎಬ್ಬಿಸಿತೆಂದರೆ, ಅವರ ದೇಹ ಕ್ಷಯಾಣುವನ್ನು ಮೊದಲೇ ಚೆನ್ನಾಗಿ ಗುರುತಿಸಿತ್ತು, ಗುರುತಿಸಿಯೂ ಗೆದ್ದಿರಲಿಲ್ಲ, ಆ ಗುರುತನ್ನು ಇನ್ನಷ್ಟು ಕೆರಳಿಸಿದಾಗ ಆದದ್ದು ಕೇಡು. ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ 1907ರಲ್ಲೂ ಫ್ರಾನ್ಸಿನ ಶಾರ್ಲ್ ಮಾಂಟೂ 1908ರಲ್ಲೂ ಇದೇ ಪ್ರತಿಕ್ರಿಯೆಯನ್ನು ಚರ್ಮದ ಪರೀಕ್ಷೆಯನ್ನಾಗಿ ಮಾರ್ಪಡಿಸಿದರು. ಮುಂಗೈಯ ಚರ್ಮದೊಳಗೆ ಒಂದು ತೊಟ್ಟು ಸಾರವನ್ನು ಸೇರಿಸಿ ಎರಡು ಮೂರು ದಿನಗಳ ಬಳಿಕ ಗಟ್ಟಿಯಾದ ಊತವನ್ನು ಅಳೆಯುವ ಮಾಂಟೂ ಪರೀಕ್ಷೆ ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಈ ಊತಕ್ಕೆ ಕಾರಣವೇನೆಂಬುದು ಸ್ಪಷ್ಟವಾಗಲು 1945ರವರೆಗೆ ಕಾಯಬೇಕಾಯಿತು. ಆ ವರ್ಷ ಮೆರಿಲ್ ಚೇಸ್ ಅವರು ಟ್ಯುಬರ್ಕ್ಯುಲಿನ್‌ಗೆ ಪ್ರತಿಕ್ರಿಯಿಸುವ ಗಿನಿಹಂದಿಯ ಬಿಳಿಯ ರಕ್ತಕಣಗಳನ್ನು ಪ್ರತಿಕ್ರಿಯಿಸದ ಗಿನಿಹಂದಿಗೆ ವರ್ಗಾಯಿಸಿದಾಗ ಟ್ಯುಬರ್ಕ್ಯುಲಿನ್ ಪ್ರತಿಕ್ರಿಯೆಯೂ ಜೊತೆಗೆ ವರ್ಗವಾಯಿತು. ರಕ್ತದ ತಿಳಿಯನ್ನಷ್ಟೇ ವರ್ಗಾಯಿಸಿದಾಗ ಆಗಲಿಲ್ಲ. ಹೀಗೆ ಕ್ಷಯದ ಮಟ್ಟಿಗೆ ಪ್ರಧಾನ ಪಾತ್ರ ಕೋಶಗಳದ್ದೆಂದು ಸ್ಥಿರಪಟ್ಟಿತು.

ಸೋಂಕಿನ ಎದುರು ದೇಹದ ಪ್ರತಿಕ್ರಿಯೆಯನ್ನು ಇಂದಿನ ವಿಜ್ಞಾನ ಎರಡು ಸ್ತರಗಳಲ್ಲಿ ನೋಡುತ್ತದೆ. ಚರ್ಮ, ಲೋಳೆ ಮತ್ತು ಶ್ವಾಸನಾಳದ ಸೂಕ್ಷ್ಮ ರೋಮಗಳಂತಹ ತಡೆಗಳನ್ನು ದಾಟಿ ಬಂದ ಯಾವುದೇ ಸೂಕ್ಷ್ಮಾಣುವನ್ನು ಮೊದಲು ಎದುರಿಸುವುದು ಹುಟ್ಟಿನಿಂದಲೇ ಬಂದ ಜನ್ಮಜಾತ ರಕ್ಷಣೆ. ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳೂ ರಕ್ತದಲ್ಲಿ ಸಂಚರಿಸುವ ನ್ಯೂಟ್ರೋಫಿಲ್‌ಗಳೂ ಇದರಲ್ಲಿ ಸೇರಿವೆ. ಸೂಕ್ಷ್ಮಾಣುಗಳ ಹೊರಕವಚದಲ್ಲಿ ಸಾಮಾನ್ಯವಾಗಿರುವ ರಾಸಾಯನಿಕ ಚಿಹ್ನೆಗಳನ್ನು ಗ್ರಹಿಸುವ ಗ್ರಾಹಕಗಳು ಇವುಗಳ ಮೇಲಿದ್ದು, ಕೆಲವೇ ಗಂಟೆಗಳಲ್ಲಿ ಉರಿಯೂತವನ್ನು, ಎಂದರೆ ಆ ಜಾಗಕ್ಕೆ ರಕ್ತವೂ ಕೋಶಗಳೂ ನುಗ್ಗಿಬರುವ ಸ್ಥಿತಿಯನ್ನು, ಉಂಟುಮಾಡುತ್ತವೆ. ಎರಡನೆಯ ಸ್ತರ ಗಳಿಸಿಕೊಂಡ ರಕ್ಷಣೆ. ಇಲ್ಲಿ ಲಿಂಫೋಸೈಟ್‌ಗಳೆಂಬ ಬಿಳಿಯ ಕಣಗಳು ನಿರ್ದಿಷ್ಟ ಸೂಕ್ಷ್ಮಾಣುವಿನ ನಿರ್ದಿಷ್ಟ ಅಂಶವನ್ನು, ಅರ್ಥಾತ್ ಪ್ರತಿಜನಕವನ್ನು, ಗುರುತಿಸಿ ಸಾವಿರಾರು ಪಟ್ಟು ವೃದ್ಧಿಯಾಗುತ್ತವೆ. ಅವುಗಳಲ್ಲಿ ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸಿದರೆ ಟಿ ಕೋಶಗಳು ಸೋಂಕಿತ ಕೋಶಗಳನ್ನು ಕೊಲ್ಲುವ ಅಥವಾ ಇತರ ಕೋಶಗಳನ್ನು ಪ್ರಚೋದಿಸುವ ಕೆಲಸ ಮಾಡುತ್ತವೆ. ಸೋಂಕು ಕಳೆದ ಮೇಲೂ ಕೆಲವು ಕೋಶಗಳು ನೆನಪನ್ನು ಹೊತ್ತು ಉಳಿಯುತ್ತವೆ. ಈ ಎರಡು ಸ್ತರಗಳನ್ನು ಜೋಡಿಸುವ ಕೊಂಡಿಯೆಂದರೆ ಡೆಂಡ್ರೈಟಿಕ್ ಕೋಶ: ಸೋಂಕಿನ ಜಾಗದಿಂದ ಪ್ರತಿಜನಕವನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ಅಲ್ಲಿನ ಟಿ ಕೋಶಗಳಿಗೆ ತೋರಿಸುವುದು ಅದರ ಕೆಲಸ. ಫ್ಲೂ ಜ್ವರದಲ್ಲಿ ಈ ಇಡೀ ಸರಣಿ ಸುಮಾರು ಒಂದು ವಾರದಲ್ಲಿ ಪೂರ್ಣಗೊಳ್ಳುತ್ತದೆ.

ಕ್ಷಯದಲ್ಲಿ ಈ ಸರಣಿಯ ಪ್ರತಿಯೊಂದು ಹೆಜ್ಜೆಯೂ ತಡವಾಗುತ್ತದೆ. ರೋಗಿ ಕೆಮ್ಮಿದಾಗ ಗಾಳಿಗೆ ಸೇರಿದ ಹನಿಗಳು ಒಣಗಿ ಐದು ಮೈಕ್ರಾನ್‌ಗಿಂತ ಚಿಕ್ಕ ಕಣಗಳಾಗಿ ತೇಲುತ್ತವೆ; ಇವು ಮೂಗು ಮತ್ತು ಶ್ವಾಸನಾಳದ ಲೋಳೆಗೆ ಸಿಗದಷ್ಟು ಸಣ್ಣವಾದ ಕಾರಣ ನೇರವಾಗಿ ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ಮುಟ್ಟುತ್ತವೆ. ಅಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಕ್ಷಯಾಣುವನ್ನು ನುಂಗುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾ ಆಗಿದ್ದರೆ ಅದನ್ನು ಹೊತ್ತ ಸಂಚಿಯು ಆಮ್ಲ ಮತ್ತು ಕಿಣ್ವಗಳಿರುವ ಲೈಸೊಸೋಮ್ ಜೊತೆ ಕೂಡಿಕೊಂಡು ಅದು ಬೇಗನೆ ಜೀರ್ಣವಾಗಿಬಿಡುತ್ತಿತ್ತು. ಮೈಕೋಲಿಕ್ ಆಮ್ಲವೆಂಬ ಮೇಣದಂತಹ ಪದಾರ್ಥದಿಂದ ದಪ್ಪನಾದ ಕವಚ ಹೊಂದಿರುವ ಕ್ಷಯಾಣು ಈ ಕೂಡುವಿಕೆಯನ್ನೇ ತಡೆಯುತ್ತದೆ. ಜೊತೆಗೆ ತಾನು ಸ್ರವಿಸುವ ಇಸ್ಯಾಟ್-6 ಮುಂತಾದ ಪ್ರೋಟೀನುಗಳ ನೆರವಿನಿಂದ ಸಂಚಿಯ ಪೊರೆಯನ್ನು ಕೆಡಿಸಿ ಕೋಶದ ಒಳಾಂಗಣಕ್ಕೆ ತಲುಪಬಲ್ಲುದು. ತನ್ನನ್ನು ಕೊಲ್ಲಲು ಬಂದ ಕೋಶವನ್ನೇ ಮನೆಯಾಗಿಸಿಕೊಂಡ ಬಳಿಕ ಅದು ಅವಸರಪಡುವುದಿಲ್ಲ: ಅನೇಕ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಗೊಮ್ಮೆ ಇಬ್ಭಾಗವಾದರೆ ಇದು ಇಬ್ಭಾಗವಾಗುವುದು ಸುಮಾರು ಒಂದು ದಿನಕ್ಕೊಮ್ಮೆ. ಅಷ್ಟರಲ್ಲಿ ದುಗ್ಧಗ್ರಂಥಿಗೆ ಸುದ್ದಿ ಮುಟ್ಟುವುದೂ ನಿಧಾನವಾಗುತ್ತದೆ. ಮನುಷ್ಯರಲ್ಲಿ ಮಾಂಟೂ ಪರೀಕ್ಷೆ ಧನಾತ್ಮಕವಾಗಲು ಸೋಂಕಿನ ನಂತರ ಎರಡರಿಂದ ಎಂಟು ವಾರ ಹಿಡಿಯುವುದಕ್ಕೆ ಇದೇ ಕಾರಣ. ಟಿ ಕೋಶಗಳು ಶ್ವಾಸಕೋಶಕ್ಕೆ ಬಂದು ತಲುಪುವ ಹೊತ್ತಿಗೆ ಕ್ಷಯಾಣುಗಳು ನೆಲೆಯೂರಿರುತ್ತವೆ, ಮತ್ತು ಆಗ ಅವುಗಳನ್ನು ನಿರ್ಮೂಲ ಮಾಡುವುದು ಆರಂಭದಲ್ಲಿ ಮಾಡುವುದಕ್ಕಿಂತ ಬಹಳ ಕಷ್ಟ.

ಬಂದ ಮೇಲೆ ಟಿ ಕೋಶಗಳು ಮಾಡುವ ಕೆಲಸದ ಮುಖ್ಯ ರೂಪುರೇಖೆ ಈಗ ಸಾಕಷ್ಟು ಖಚಿತವಾಗಿದೆ. ಕ್ಷಯಾಣುವನ್ನು ಹೊತ್ತ ಮ್ಯಾಕ್ರೋಫೇಜ್ ಮತ್ತು ಡೆಂಡ್ರೈಟಿಕ್ ಕೋಶಗಳು ಇಂಟರ್‌ಲ್ಯೂಕಿನ್-12 ಎಂಬ ಸಂದೇಶದ ಪ್ರೋಟೀನನ್ನು ಸೂಸುತ್ತವೆ. ಅದರಿಂದ ಪ್ರಚೋದನೆಗೊಂಡ, ಸಿಡಿ4 ಎಂಬ ಗುರುತಿನ ಸಹಾಯಕ ಟಿ ಕೋಶಗಳು ಇಂಟರ್‌ಫೆರಾನ್ ಗ್ಯಾಮಾ ಎಂಬ ಮತ್ತೊಂದು ಸಂದೇಶವನ್ನು ಹೊರಡಿಸುತ್ತವೆ. ಅದು ತಾಗಿದ ಮ್ಯಾಕ್ರೋಫೇಜ್ ಚುರುಕಾಗಿ, ಮೊದಲು ಮಾಡಲಾಗದೆ ಹೋದ ಕೆಲಸವನ್ನು, ಎಂದರೆ ತನ್ನೊಳಗಿನ ಕ್ಷಯಾಣುವನ್ನು ಕೊಲ್ಲುವುದನ್ನು, ಒಂದು ಮಟ್ಟಿಗೆ ಮಾಡಬಲ್ಲದಾಗುತ್ತದೆ. ಟಿಎನ್‌ಎಫ್ ಎಂಬ ಮೂರನೆಯ ಸಂದೇಶದ ಪ್ರೋಟೀನು ಕೋಶಗಳನ್ನು ಒಂದೆಡೆ ಸೇರಿಸಿ ಹಿಡಿದಿಡುತ್ತದೆ. ಇದು ಪ್ರಯೋಗಶಾಲೆಯ ಇಲಿಗಳಿಂದಷ್ಟೇ ತಿಳಿದುಬಂದದ್ದಲ್ಲ. ರೋಗಿಗಳ ದುರ್ದೈವವೇ ಇದಕ್ಕೆ ಸಾಕ್ಷಿಯಾಗಿ ಒದಗಿದೆ. ಇಂಟರ್‌ಲ್ಯೂಕಿನ್-12 ಅಥವಾ ಇಂಟರ್‌ಫೆರಾನ್ ಗ್ಯಾಮಾದ ಹಾದಿಯಲ್ಲಿ ಹುಟ್ಟಿನಿಂದಲೇ ಜೀನಿನ ದೋಷವಿರುವ ಮಕ್ಕಳಿಗೆ ಕ್ಷಯಾಣುವಿನ ಬಂಧುಗಳಾದ, ಇತರರಿಗೆ ನಿರುಪದ್ರವಿಗಳಾದ ಸೂಕ್ಷ್ಮಾಣುಗಳು, ಬಿ.ಸಿ.ಜಿ. ಲಸಿಕೆಯಲ್ಲಿನ ದುರ್ಬಲ ತಳಿಯೂ ಸೇರಿದಂತೆ, ಮಾರಕವಾಗಬಲ್ಲವು. ಎಚ್‌ಐವಿ ವೈರಸ್ ನಾಶಮಾಡುವುದು ಇದೇ ಸಿಡಿ4 ಕೋಶಗಳನ್ನಾದ್ದರಿಂದ, ಎಚ್‌ಐವಿಗೆ ಚಿಕಿತ್ಸೆ ಪಡೆಯದ ವ್ಯಕ್ತಿಗೆ ಕ್ಷಯಾಣುವೂ ತಗುಲಿದ್ದರೆ, ಇತರರಿಗೆ ಇಡೀ ಜೀವಮಾನದಲ್ಲಿ ಇರುವಷ್ಟು ಅಪಾಯ ಸರಿಸುಮಾರು ಪ್ರತಿ ವರ್ಷವೂ ಎದುರಾಗುತ್ತದೆ. ಇನ್ನು ಸಂಧಿವಾತದ ಉರಿಯೂತವನ್ನು ತಗ್ಗಿಸಲು ಟಿಎನ್‌ಎಫ್ ಅನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಔಷಧ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, 2001ರ ವೇಳೆಗೆ, ಅದನ್ನು ಪಡೆದವರಲ್ಲಿ ಕ್ಷಯ ಕಾಣಿಸಿಕೊಂಡ 70 ಪ್ರಕರಣಗಳು ವರದಿಯಾದವು. ಬಹುಕಾಲದಿಂದ ಅಡಗಿದ್ದ ಸೋಂಕು ಕೆಲವೇ ವಾರಗಳಲ್ಲಿ ಭುಗಿಲೆದ್ದಿತ್ತು. ಇಂದು ಅಂತಹ ಔಷಧ ಆರಂಭಿಸುವ ಮುನ್ನ ಕ್ಷಯದ ಸೋಂಕಿಗಾಗಿ ಪರೀಕ್ಷಿಸುವುದು ನಿಯಮವೇ ಆಗಿದೆ.

ಇಲ್ಲಿಗೆ ನಿಲ್ಲಿಸಿದರೆ, ಟಿ ಕೋಶಗಳು ಹೆಚ್ಚಿದಷ್ಟೂ, ಇಂಟರ್‌ಫೆರಾನ್ ಏರಿದಷ್ಟೂ ರಕ್ಷಣೆ ಹೆಚ್ಚೆಂಬ ಸರಳ ತೀರ್ಮಾನಕ್ಕೆ ಬರಬಹುದಿತ್ತು. ಜನಪ್ರಿಯ ಆರೋಗ್ಯ ಬರವಣಿಗೆಯೂ ಜಾಹೀರಾತುಗಳೂ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಿರೆಂದು ಹೇಳುವಾಗ ನಂಬಿರುವುದು ಇದನ್ನೇ. ಸಾಕ್ಷ್ಯ ಬೇರೆ ದಿಕ್ಕಿಗೆ ಬೆರಳು ಮಾಡುತ್ತದೆ. ಟಿ ಕೋಶಗಳ ಮೇಲೆ ಪಿಡಿ-1 ಎಂಬ ಕಡಿವಾಣವೊಂದಿದ್ದು, ಅವು ಅತಿಯಾಗಿ ಕೆರಳದಂತೆ ಅದು ತಡೆಯುತ್ತದೆ. ಆ ಕಡಿವಾಣವನ್ನು ತೆಗೆದುಹಾಕಿದ ಇಲಿಗಳ ಟಿ ಕೋಶಗಳು ಹೆಚ್ಚು ಹುರುಪಿನಿಂದ ಪ್ರತಿಕ್ರಿಯಿಸಿದವು, ಆದರೆ ಆ ಇಲಿಗಳು ಕ್ಷಯದಿಂದ ಸಾಮಾನ್ಯ ಇಲಿಗಳಿಗಿಂತ ಬಹಳ ಬೇಗ ಸತ್ತವು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದೇ ಕಡಿವಾಣವನ್ನು ಸಡಿಲಿಸುವ ಔಷಧಗಳನ್ನು ಪಡೆದ ಕೆಲವು ರೋಗಿಗಳಲ್ಲಿಯೂ ಅಡಗಿದ್ದ ಕ್ಷಯ ಎದ್ದಿದೆ. ಎಚ್‌ಐವಿ ಇದ್ದು ಕ್ಷಯವೂ ಬಂದ ರೋಗಿಗೆ ಎಚ್‌ಐವಿ ಔಷಧ ಕೊಟ್ಟು ಸಿಡಿ4 ಕೋಶಗಳು ಚೇತರಿಸಿಕೊಳ್ಳತೊಡಗಿದಾಗ, ಅನೇಕರಲ್ಲಿ ಜ್ವರ ಏರಿ, ದುಗ್ಧಗ್ರಂಥಿಗಳು ಊದಿಕೊಂಡು, ರೋಗವೇ ಉಲ್ಬಣಿಸಿದಂತೆ ಕಾಣುತ್ತದೆ. ಅದು ಮರಳಿ ಬಂದ ಪ್ರತಿಕ್ರಿಯೆಯ ಅಬ್ಬರವೇ ಹೊರತು ಔಷಧದ ಸೋಲಲ್ಲ. ಮೆದುಳಿನ ಪೊರೆಗೆ ಕ್ಷಯ ತಗುಲಿದವರಿಗೆ ಕ್ಷಯದ ಔಷಧದ ಜೊತೆ ಉರಿಯೂತ ತಗ್ಗಿಸುವ ಡೆಕ್ಸಾಮೆಥಸೋನ್ ಕೊಟ್ಟರೆ ಸಾವು ಕಡಿಮೆಯಾಗುತ್ತದೆಂದು ವಿಯೆಟ್ನಾಮಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಎಂದರೆ ಅಲ್ಲಿ ಪ್ರತಿಕ್ರಿಯೆಯನ್ನು ಹತ್ತಿಕ್ಕಿದ್ದೇ ಜೀವ ಉಳಿಸಿತು. ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು. ಕ್ಷಯದ ಎದುರು ಬೇಕಾದದ್ದು ಹದವಾದ ಪ್ರತಿಕ್ರಿಯೆ, ಅದು ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿನಲ್ಲಿ ಬಂದು ಮುಟ್ಟುವುದು; ಕಳೆದ ಮೂವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಾಗಿ ಓದಿದಾಗ ಹೊರಡುವ ಅರ್ಥ ಇದೆಂದೇ ಹೇಳಬೇಕಾಗುತ್ತದೆ.

ಈ ಹದದ ಪ್ರಶ್ನೆ ಅತ್ಯಂತ ಸ್ಥೂಲವಾಗಿ ಕಾಣುವುದು ಗ್ರಾನುಲೋಮದಲ್ಲಿ. ಕ್ಷಯಾಣುವನ್ನು ಹೊತ್ತ ಮ್ಯಾಕ್ರೋಫೇಜ್‌ಗಳು ಒತ್ತೊತ್ತಾಗಿ ಸೇರಿ, ಕೆಲವು ಒಂದರೊಳಗೊಂದು ಬೆರೆತು ಬಹುಕೇಂದ್ರಗಳ ದೈತ್ಯಕೋಶಗಳಾಗಿ, ಅವುಗಳ ಸುತ್ತ ಲಿಂಫೋಸೈಟ್‌ಗಳು ಕವಿದು, ಹೊರಗೆ ನಾರಿನ ಆವರಣವೊಂದು ಬೆಳೆದು ಉಂಟಾಗುವ ಸಣ್ಣ ಗಂಟಿಗೆ ಈ ಹೆಸರು. ನಡುವಿನ ಕೋಶಗಳು ಸತ್ತಾಗ ಅಲ್ಲಿ ಗಿಣ್ಣಿನಂತಹ ಮೃದುವಾದ ಬಿಳಿಯ ಪದಾರ್ಥ ಉಳಿಯುತ್ತದೆ. ಇದು ಕ್ಷಯಾಣುವನ್ನು ಕಟ್ಟಿಹಾಕಲು ದೇಹ ಎಬ್ಬಿಸಿದ ಗೋಡೆಯೆಂಬ ನಂಬಿಕೆ ಬಹುಕಾಲ ಪ್ರಶ್ನೆಗೊಳಗಾಗಲಿಲ್ಲ. ಭಾರತದಲ್ಲಿ ಹುಟ್ಟಿ ಬೆಳೆದ ಲಲಿತಾ ರಾಮಕೃಷ್ಣನ್ ಅವರು ಪಾರದರ್ಶಕವಾದ ಜೀಬ್ರಾ ಮೀನಿನ ಮರಿಗಳಲ್ಲಿ ಕ್ಷಯಾಣುವಿನ ಹತ್ತಿರದ ಬಂಧುವಾದ ಸೂಕ್ಷ್ಮಾಣುವನ್ನು ಬಿಟ್ಟು, ಗ್ರಾನುಲೋಮ ಕಟ್ಟಿಕೊಳ್ಳುವ ಪ್ರತಿ ಹಂತವನ್ನು ಜೀವಂತವಾಗಿ ಗಮನಿಸಿದಾಗ ಚಿತ್ರ ಬದಲಾಯಿತು: ಆರಂಭದ ದಿನಗಳಲ್ಲಿ ಹೊಸ ಹೊಸ ಮ್ಯಾಕ್ರೋಫೇಜ್‌ಗಳು ಅಲ್ಲಿಗೆ ಬಂದು ಸತ್ತ ಕೋಶಗಳನ್ನು ನುಂಗುವುದರ ಮೂಲಕ ಸೂಕ್ಷ್ಮಾಣುವಿಗೆ ಹೊಸ ನೆಲೆಗಳನ್ನೇ ಒದಗಿಸುತ್ತಿದ್ದವು. ಅದೇ ಮೀನುಗಳಲ್ಲಿ ಟಿಎನ್‌ಎಫ್ ಕೊರತೆಯಾದರೂ ಅತಿಯಾದರೂ ಮ್ಯಾಕ್ರೋಫೇಜ್‌ಗಳು ಸತ್ತು ರೋಗ ಹೆಚ್ಚಿತೆಂಬುದೂ ಗೊತ್ತಾಯಿತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜೋಆ್ಯನ್ ಫ್ಲಿನ್ ಅವರ ತಂಡ ಮಕಾಕ್ ಮಂಗಗಳಲ್ಲಿ ಕಂಡುಕೊಂಡದ್ದು ಇನ್ನೂ ಗಮನಾರ್ಹ. ಒಂದೇ ಶ್ವಾಸಕೋಶದ ಒಂದು ಗ್ರಾನುಲೋಮ ಪೂರ್ತಿ ಸ್ವಚ್ಛವಾಗಿದ್ದರೆ ಬೆರಳಗಲ ದೂರದ ಇನ್ನೊಂದರಲ್ಲಿ ಕ್ಷಯಾಣುಗಳು ತುಂಬಿದ್ದವು. ರೋಗನಿರೋಧಕ ಶಕ್ತಿಯನ್ನು ಇಡೀ ವ್ಯಕ್ತಿಗೆ ಸೇರಿದ ಒಂದು ಮೊತ್ತವೆಂದು ಎಣಿಸುವ ರೂಢಿಯನ್ನು ಈ ಫಲಿತಾಂಶ ಬುಡಮೇಲು ಮಾಡುತ್ತದೆ. ನೂರೆಡೆ ಗೆದ್ದ ದೇಹವೂ ಒಂದೆಡೆ ಸೋತರೆ ರೋಗ ಬರಲು ಅಷ್ಟೇ ಸಾಕು.

ಆ ಒಂದೆಡೆಯ ಸೋಲು ಶ್ವಾಸಕೋಶದ ಪೊಟರೆಯಾಗಿ ಪರಿಣಮಿಸುತ್ತದೆ. ಉರಿಯೂತ ಮಿತಿಮೀರಿದಾಗ ದೇಹದ ಕೋಶಗಳೇ ಹೊರಬಿಡುವ ಕಿಣ್ವಗಳು ಶ್ವಾಸಕೋಶದ ಹಂದರವನ್ನು ಕರಗಿಸುತ್ತವೆ, ಗ್ರಾನುಲೋಮದ ನಡುಭಾಗ ಶ್ವಾಸನಾಳಕ್ಕೆ ಒಡೆದುಕೊಳ್ಳುತ್ತದೆ, ಉಳಿದ ಟೊಳ್ಳಿನ ಗೋಡೆಯಲ್ಲಿ ಆಮ್ಲಜನಕ ಸಮೃದ್ಧವಾಗಿ ಸಿಕ್ಕು ಕೋಟಿಗಟ್ಟಲೆ ಕ್ಷಯಾಣುಗಳು ಬೆಳೆಯುತ್ತವೆ, ಕೆಮ್ಮಿನೊಡನೆ ಅವು ಗಾಳಿ ಸೇರುತ್ತವೆ. ಹೀಗೆ ಪೊಟರೆಯನ್ನು ಕೊರೆಯುವುದು ಬಹುಮಟ್ಟಿಗೆ ದೇಹದ ಪ್ರತಿಕ್ರಿಯೆಯೇ. ಸಿಡಿ4 ಕೋಶಗಳು ತೀರ ಕುಸಿದಿರುವ ಎಚ್‌ಐವಿ ರೋಗಿಗಳಲ್ಲಿ ಕ್ಷಯಾಣುಗಳು ಮೈತುಂಬ ಹರಡಿದ್ದರೂ ಪೊಟರೆಗಳು ಅಪರೂಪವೆಂಬುದು ಇದಕ್ಕೆ ಪ್ರಬಲ ಪುರಾವೆ. 2010ರಲ್ಲಿ ಪ್ರಕಟವಾದ ಒಂದು ತಳಿವಿಜ್ಞಾನದ ಅಧ್ಯಯನ ಈ ಚಿಂತನೆಗೆ ಮತ್ತೊಂದು ತಿರುವು ಕೊಟ್ಟಿತು. ಫ್ಲೂ ವೈರಸ್ಸೂ ಮಲೇರಿಯಾದ ಪರೋಪಜೀವಿಯೂ ದೇಹ ಗುರುತಿಸುವ ತಮ್ಮ ಅಂಶಗಳನ್ನು ಮತ್ತೆ ಮತ್ತೆ ಬದಲಿಸಿಕೊಂಡು ತಪ್ಪಿಸಿಕೊಳ್ಳುತ್ತವೆ. ಲೋಕದ ನಾನಾ ಭಾಗಗಳಿಂದ ತಂದ ಕ್ಷಯಾಣುಗಳನ್ನು ಹೋಲಿಸಿದಾಗ, ಟಿ ಕೋಶಗಳು ಗುರುತಿಸುವ ಅಂಶಗಳೇ ಅವುಗಳಲ್ಲಿ ಅತ್ಯಂತ ಕಡಿಮೆ ಬದಲಾಗಿದ್ದವು. ಗುರುತಿಸಲ್ಪಡುವುದರಿಂದ ಕ್ಷಯಾಣುವಿಗೆ ನಷ್ಟಕ್ಕಿಂತ ಲಾಭವೇ ಹೆಚ್ಚಿರಬೇಕು, ಏಕೆಂದರೆ ಟಿ ಕೋಶಗಳ ಪ್ರತಿಕ್ರಿಯೆ ಇಲ್ಲದಿದ್ದರೆ ಪೊಟರೆಯಿಲ್ಲ, ಪೊಟರೆಯಿಲ್ಲದಿದ್ದರೆ ಇನ್ನೊಬ್ಬರಿಗೆ ಹರಡುವ ದಾರಿಯೂ ಕಿರಿದು. ಇದು ಪೂರ್ತಿ ಸಿದ್ಧವಾದ ಮಾತಲ್ಲ. ಆದರೂ ಸಹಸ್ರಾರು ವರ್ಷಗಳಿಂದ ಮನುಷ್ಯನೊಡನೆ ಬಾಳಿದ ಸೂಕ್ಷ್ಮಾಣುವಿನ ವಿಷಯದಲ್ಲಿ ಇದಕ್ಕಿಂತ ಸಮಂಜಸವಾದ ವಿವರಣೆ ಸದ್ಯಕ್ಕೆ ಇನ್ನೊಂದಿಲ್ಲ.

ಬಿ ಕೋಶ ಮತ್ತು ಪ್ರತಿಕಾಯಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೋಶದೊಳಗೆ ಅಡಗಿದ ಕ್ಷಯಾಣುವನ್ನು ಪ್ರತಿಕಾಯ ಸುಲಭವಾಗಿ ಮುಟ್ಟಲಾರದು. ಅವುಗಳ ಪಾತ್ರ ಹಿಂದೆ ಭಾವಿಸಿದ್ದಕ್ಕಿಂತ ಹೆಚ್ಚಿರಬಹುದೆಂಬ ಸೂಚನೆಗಳು ಈಚೆಗೆ ಸಿಗುತ್ತಿವೆ. ಆದರೆ ರೋಗಪತ್ತೆಗೆ ಅವುಗಳನ್ನು ನೆಚ್ಚಿದ್ದರಿಂದ ದೊಡ್ಡ ಹಾನಿಯೇ ಆಯಿತು. ರಕ್ತದಲ್ಲಿನ ಪ್ರತಿಕಾಯ ನೋಡಿ ಕ್ಷಯವಿದೆ ಅಥವಾ ಇಲ್ಲವೆಂದು ಹೇಳುವ ಪರೀಕ್ಷೆಗಳು ಭಾರತದ ಖಾಸಗಿ ಪ್ರಯೋಗಾಲಯಗಳಲ್ಲಿ ವ್ಯಾಪಕವಾಗಿ ನಡೆಯುತ್ತಿದ್ದವು. ಅವು ರೋಗವಿದ್ದವರನ್ನು ಬಿಟ್ಟು ಇಲ್ಲದವರಿಗೆ ರೋಗವನ್ನು ಅಂಟಿಸುತ್ತಿದ್ದುದರಿಂದ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಅವುಗಳ ವಿರುದ್ಧ ಸಲಹೆ ನೀಡಿತು, ಭಾರತ ಸರ್ಕಾರ 2012ರಲ್ಲಿ ಅವುಗಳನ್ನು ನಿಷೇಧಿಸಿತು.

ಔಷಧವಿಲ್ಲದೆ ದೇಹ ತಾನಾಗಿ ಎಷ್ಟನ್ನು ಸಾಧಿಸಬಲ್ಲುದೆಂಬುದಕ್ಕೆ ಜಗತ್ತಿನಲ್ಲೇ ಅಪರೂಪವಾದ ದಾಖಲೆಯೊಂದು ಕರ್ನಾಟಕದಿಂದ ಬಂದಿದೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಜನರನ್ನು ಹಲವು ಸುತ್ತು ಪರೀಕ್ಷಿಸಿತು. ಸಂಘಟಿತ ಚಿಕಿತ್ಸೆ ಹಳ್ಳಿಗಳನ್ನು ತಲುಪುವ ಮುಂಚಿನ ಕಾಲವದು. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ಷಯಾಣು ಕಂಡುಬಂದವರಲ್ಲಿ ಐದು ವರ್ಷಗಳ ಕೊನೆಗೆ ಸುಮಾರು ಅರ್ಧದಷ್ಟು ಮಂದಿ ಸತ್ತಿದ್ದರು, ಐದರಲ್ಲೊಂದು ಪಾಲಿಗೆ ಸಮೀಪದಷ್ಟು ಜನರ ಕಫದಲ್ಲಿ ಕ್ಷಯಾಣು ಇನ್ನೂ ಇತ್ತು, ಮೂರನೆಯ ಒಂದು ಪಾಲಿನವರ ಕಫದಲ್ಲಿ ಮಾತ್ರ ಅದು ಮಾಯವಾಗಿತ್ತು. ಈ ಮೂರನೆಯ ಒಂದು ಪಾಲು ದೇಹದ ಸ್ವಂತ ಸಾಮರ್ಥ್ಯದ ಅಳತೆ. ರೋಗ ಹೊರಬಿದ್ದ ಮೇಲೂ ಇಷ್ಟು ಮಂದಿ ತಾವಾಗಿ ಗುಣವಾದರೆಂಬುದು ಅಚ್ಚರಿ ತರುತ್ತದೆ. ಉಳಿದವರಿಗೆ ಆದ ಗತಿಯನ್ನು ನೆನೆದರೆ, ಗಾಳಿ ಬೆಳಕು ವಿಶ್ರಾಂತಿಗಳನ್ನೇ ನೆಚ್ಚಿದ್ದ ಸ್ಯಾನಿಟೋರಿಯಮ್ ಯುಗ ಮುಗಿದು ಔಷಧಗಳ ಯುಗ ಬಂದದ್ದು ಎಂತಹ ಬಿಡುಗಡೆಯೆಂಬುದು ಮನದಟ್ಟಾಗುತ್ತದೆ.

ದೇಹಕ್ಕೆ ಮುಂಚಿತವಾಗಿ ಪಾಠ ಹೇಳುವ ಪ್ರಯತ್ನ ಲಸಿಕೆ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾಂ ದನದ ಕ್ಷಯಾಣುವನ್ನು 1908ರಿಂದ ಹದಿಮೂರು ವರ್ಷ ಪ್ರಯೋಗಶಾಲೆಯಲ್ಲಿ ಮರಳಿ ಮರಳಿ ಬೆಳೆಸಿ ದುರ್ಬಲಗೊಳಿಸಿದರು. ಅವರಿಬ್ಬರ ಹೆಸರನ್ನು ಹೊತ್ತ ಬಿ.ಸಿ.ಜಿ.ಯನ್ನು 1921ರಲ್ಲಿ ಮೊದಲ ಬಾರಿಗೆ ಒಂದು ಶಿಶುವಿಗೆ ಕೊಡಲಾಯಿತು. ಭಾರತದಲ್ಲಿ ಹುಟ್ಟಿದ ಮಕ್ಕಳ ಎಡತೋಳಿನ ಕಲೆ ಇದರದೇ. ಎಳೆಯ ಮಕ್ಕಳಲ್ಲಿ ಮೆದುಳಿನ ಪೊರೆಯ ಕ್ಷಯ ಮತ್ತು ಮೈಯೆಲ್ಲ ಹರಡುವ ಕ್ಷಯವನ್ನು ಬಿ.ಸಿ.ಜಿ. ತಡೆಯುತ್ತದೆಂಬುದರಲ್ಲಿ ಸಂದೇಹವಿಲ್ಲ. ದೊಡ್ಡವರ ಶ್ವಾಸಕೋಶದ ಕ್ಷಯದ ಮಾತು ಬೇರೆ. 1950ರಲ್ಲಿ ಬ್ರಿಟನ್ನಿನ ಹದಿಹರೆಯದವರಲ್ಲಿ ಆರಂಭವಾದ ಪ್ರಯೋಗದಲ್ಲಿ ಅದು ಮುಕ್ಕಾಲು ಪಾಲಿಗೂ ಮಿಕ್ಕಿ ರಕ್ಷಣೆ ಕೊಟ್ಟಿತು. 1968ರಲ್ಲಿ ತಮಿಳುನಾಡಿನ ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ ಆರಂಭವಾಗಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ, ಕ್ಷಯದ ಚರಿತ್ರೆಯಲ್ಲೇ ಅತಿದೊಡ್ಡದಾದ ಪ್ರಯೋಗದಲ್ಲಿ ಹದಿನೈದು ವರ್ಷಗಳ ಬಳಿಕವೂ ದೊಡ್ಡವರಿಗೆ ಏನೂ ರಕ್ಷಣೆ ಸಿಕ್ಕಿರಲಿಲ್ಲ. ಉಷ್ಣವಲಯದ ಮಣ್ಣು ನೀರುಗಳಲ್ಲಿರುವ ಕ್ಷಯಾಣುವಿನ ಬಂಧುಗಳು ಜನರ ದೇಹವನ್ನು ಮೊದಲೇ ಪಳಗಿಸಿರುವುದರಿಂದ ಲಸಿಕೆ ಹೊಸದೇನನ್ನೂ ಸೇರಿಸಲಾರದೆಂಬುದು ಮುಖ್ಯ ವಿವರಣೆ. ಲಸಿಕೆಯ ನೆನಪು ಪ್ರಾಯ ಬರುವಷ್ಟರಲ್ಲಿ ಮಾಸುತ್ತದೆಂಬುದು ಇನ್ನೊಂದು. ಮರಳಿ ಬೆಳೆಸುವಾಗ ಬಿ.ಸಿ.ಜಿ. ತಳಿ ಕಳೆದುಕೊಂಡ ಜೀನುಗಳಲ್ಲಿ ಇಸ್ಯಾಟ್-6ರದ್ದೂ ಒಂದೆಂದು ಆಮೇಲೆ ಗೊತ್ತಾಯಿತು. ತಳಿ ದುರ್ಬಲವಾದದ್ದಕ್ಕೆ ಅದು ಮುಖ್ಯ ಕಾರಣ. ಇದರಿಂದಾದ ಅನಿರೀಕ್ಷಿತ ಅನುಕೂಲವೆಂದರೆ, ಆ ಪ್ರೋಟೀನನ್ನು ಬಳಸುವ ಹೊಸ ರಕ್ತಪರೀಕ್ಷೆಗಳೂ ಚರ್ಮದ ಪರೀಕ್ಷೆಗಳೂ ಲಸಿಕೆ ಪಡೆದವರನ್ನು ಸೋಂಕಿತರಿಂದ ಬೇರ್ಪಡಿಸಬಲ್ಲವು.

ಬಿ.ಸಿ.ಜಿ.ಯ ಕೊರತೆ ತುಂಬುವ ಯತ್ನಗಳಲ್ಲಿ ಅತಿ ಹೆಚ್ಚು ಕಲಿಸಿದ್ದು ಒಂದು ಸೋಲು. ಎಂವಿಎ85ಎ ಎಂಬ ಲಸಿಕೆ ಇಂಟರ್‌ಫೆರಾನ್ ಗ್ಯಾಮಾ ಸೂಸುವ ಟಿ ಕೋಶಗಳನ್ನು ಹೆಚ್ಚಿಸುವುದರಲ್ಲಿ ಸಮರ್ಥವಾಗಿತ್ತು. ದಕ್ಷಿಣ ಆಫ್ರಿಕಾದ ಸುಮಾರು 2,800 ಶಿಶುಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಬಿ.ಸಿ.ಜಿ.ಗೆ ಮೀರಿದ ಯಾವ ರಕ್ಷಣೆಯನ್ನೂ ತೋರಲಿಲ್ಲ. ರಕ್ತದಲ್ಲಿ ಎಣಿಸಿದ ಟಿ ಕೋಶಗಳ ಸಂಖ್ಯೆಗೂ ಶ್ವಾಸಕೋಶದಲ್ಲಿ ಸಿಗುವ ರಕ್ಷಣೆಗೂ ನೇರ ನಂಟಿಲ್ಲವೆಂಬುದು ಅಂದಿನಿಂದ ಲಸಿಕಾ ವಿಜ್ಞಾನಿಗಳ ನಿದ್ದೆಗೆಡಿಸಿದೆ. 2020ರಲ್ಲಿ ಪ್ರಕಟವಾದ ಮಂಗಗಳ ಪ್ರಯೋಗ ಇದೇ ಮಾತನ್ನು ಬೇರೆ ಬದಿಯಿಂದ ಹೇಳಿತು: ಅದೇ ಹಳೆಯ ಬಿ.ಸಿ.ಜಿ.ಯನ್ನು ಚರ್ಮಕ್ಕೆ ಚುಚ್ಚುವ ಬದಲು ರಕ್ತನಾಳದೊಳಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಹತ್ತು ಮಂಗಗಳಲ್ಲಿ ಒಂಬತ್ತಕ್ಕೆ ಬಲವಾದ ರಕ್ಷಣೆ ಸಿಕ್ಕಿತು, ಆರರಲ್ಲಿ ಸೋಂಕಿನ ಸುಳಿವೇ ಇರಲಿಲ್ಲ. ಟಿ ಕೋಶಗಳು ಶ್ವಾಸಕೋಶದಲ್ಲಿ ಮೊದಲೇ ಬೀಡುಬಿಟ್ಟಿದ್ದವು. ಮನುಷ್ಯರಲ್ಲಿ ಸದ್ಯ ಹೆಚ್ಚು ಭರವಸೆ ಹುಟ್ಟಿಸಿರುವುದು ಎಂ72 ಎಂಬ ಲಸಿಕೆ. ಮೊದಲೇ ಸೋಂಕು ತಗುಲಿದ್ದ ವಯಸ್ಕರಲ್ಲಿ ಅದು ಮೂರು ವರ್ಷಗಳ ಅವಧಿಯಲ್ಲಿ ರೋಗವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಅದರ ಅಂತಿಮ ಹಂತದ ದೊಡ್ಡ ಪ್ರಯೋಗ 2024ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆರಂಭವಾಯಿತು.

ಲಸಿಕೆ ಬರುವವರೆಗೂ, ಬಂದ ಮೇಲೂ, ಯಾರ ದೇಹ ಸೋಲುತ್ತದೆಂಬುದನ್ನು ಬಹಳಷ್ಟು ನಿರ್ಧರಿಸುವುದು ಅವರ ಬದುಕಿನ ಸ್ಥಿತಿ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದ ಮ್ಯಾಕ್ರೋಫೇಜ್‌ಗಳನ್ನೇ ಕೊಲ್ಲುವುದರಿಂದ ಗಣಿ ಮತ್ತು ಕಲ್ಲುಕ್ವಾರಿಗಳ ಕಾರ್ಮಿಕರು ಕ್ಷಯಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಸಿಲಿಕೋಸಿಸ್ ಎಂಬ ಆ ಧೂಳುರೋಗ ಭಾರತದಲ್ಲಿ ಆರಂಭದಲ್ಲೇ ದಾಖಲಾದದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಸಕ್ಕರೆ ಕಾಯಿಲೆ ಕ್ಷಯದ ಅಪಾಯವನ್ನು ಎರಡು ಮೂರು ಪಟ್ಟು ಏರಿಸುತ್ತದೆ. ಎಲ್ಲಕ್ಕಿಂತ ವ್ಯಾಪಕವಾದ ಕಾರಣ ಹಸಿವು. ಆಹಾರ ಸಾಲದ ದೇಹದಲ್ಲಿ ಟಿ ಕೋಶಗಳು ಮಾಗುವ ಥೈಮಸ್ ಗ್ರಂಥಿ ಕುಗ್ಗುತ್ತದೆ, ಕೋಶಗಳ ಸಂಖ್ಯೆಯೂ ಅವು ಹೊರಡಿಸುವ ಸಂದೇಶಗಳೂ ಇಳಿಯುತ್ತವೆ. ಇದಕ್ಕೆ ಒಂದೆರಡು ಪೋಷಕಾಂಶಗಳ ಮಾತ್ರೆ ಪರಿಹಾರವಾಗದೆಂಬುದಕ್ಕೂ ಪುರಾವೆಯಿದೆ: ಮಂಗೋಲಿಯಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳಿಗೆ ಮೂರು ವರ್ಷ ವಿಟಮಿನ್ ಡಿ ಕೊಟ್ಟ ಪ್ರಯೋಗದಲ್ಲಿ ಕ್ಷಯದ ಸೋಂಕು ಕಡಿಮೆಯಾಗಲಿಲ್ಲ.

ಊಟವನ್ನೇ ಕೊಟ್ಟರೆ ಏನಾಗುತ್ತದೆಂಬುದನ್ನು ಪರೀಕ್ಷಿಸಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ 2019ರಲ್ಲಿ ಜಾರ್ಖಂಡಿನಲ್ಲಿ ಆರಂಭವಾದ ಅವರ ಪ್ರಯೋಗದಲ್ಲಿ 2,800 ಕ್ಷಯರೋಗಿಗಳಿಗೂ ಅವರ ಮನೆಯ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೂ ಸಂಬಂಧಿಸಿದ ಮಾಹಿತಿ ಕಲೆಹಾಕಲಾಯಿತು. ಎಲ್ಲ ಕಡೆಯೂ ರೋಗಿಗೆ ತಿಂಗಳ ಪಡಿತರ ಸಿಕ್ಕಿತು; ಅರ್ಧ ಪ್ರದೇಶಗಳಲ್ಲಿ ಮನೆಯ ಉಳಿದವರಿಗೂ ಅಕ್ಕಿ, ಬೇಳೆ ಮುಂತಾದವುಗಳ ಪಾಲು ಸಿಕ್ಕಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಾಗೆ ಪಾಲು ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ಶೇ. 39ರಷ್ಟು, ಕ್ಷಯಾಣು ಖಚಿತವಾಗಿ ಕಂಡ ಶ್ವಾಸಕೋಶದ ಕ್ಷಯದ ಪ್ರಮಾಣ ಶೇ. 48ರಷ್ಟು ಇಳಿದಿತ್ತು. ಸಾಧನೆಯ ಪ್ರಮಾಣದಲ್ಲಿ ಇದು ಇಂದಿನ ಅತ್ಯುತ್ತಮ ಪ್ರಾಯೋಗಿಕ ಲಸಿಕೆಯ ಪಕ್ಕದಲ್ಲೇ ನಿಲ್ಲುತ್ತದೆ. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಪ್ರಸಿದ್ಧ ಅಧ್ಯಯನ, ಮನೆಯ ಬಡ ಊಟ ಉಂಡು ಔಷಧ ತೆಗೆದುಕೊಂಡವರೂ ಸ್ಯಾನಿಟೋರಿಯಮ್ಮಿನ ಒಳ್ಳೆಯ ಊಟ ಉಂಡವರಷ್ಟೇ ಗುಣವಾದರೆಂದು ತೋರಿಸಿದ್ದರಿಂದ, ಕ್ಷಯದಲ್ಲಿ ಆಹಾರ ಮುಖ್ಯವಲ್ಲವೆಂಬ ಭಾವನೆ ದಶಕಗಳ ಕಾಲ ಉಳಿಯಿತು. ಎರಡು ಅಧ್ಯಯನಗಳ ನಡುವೆ ವಿರೋಧವಿಲ್ಲ: ಮದರಾಸಿನದು ರೋಗ ಬಂದವರನ್ನು ಔಷಧ ಗುಣಪಡಿಸುವುದರ ಬಗ್ಗೆ, ಜಾರ್ಖಂಡಿನದು ಸೋಂಕಿರುವ ಮನೆಯಲ್ಲಿ ಯಾರಿಗೆ ರೋಗ ಬರುತ್ತದೆಂಬುದರ ಬಗ್ಗೆ. ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕೆಂದು ಭಾರತ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದು, 2024ರ ನವೆಂಬರ್‌ನಿಂದ ಅದನ್ನು 1,000 ರೂಪಾಯಿಗೆ ಏರಿಸಿದೆ. ಬಡವರ ಮನೆಯಲ್ಲಿ ಆ ಹಣದಿಂದ ಬಂದ ಅಕ್ಕಿಬೇಳೆ ರೋಗಿಯೊಬ್ಬರ ತಟ್ಟೆಗೆ ಬೀಳದೆ ಮನೆಮಂದಿಯೆಲ್ಲರ ನಡುವೆ ಹಂಚಿಹೋಗುವುದು ಸಹಜ; ಜಾರ್ಖಂಡಿನ ಪ್ರಯೋಗವಾದರೋ ಅರ್ಧ ಪ್ರದೇಶಗಳಲ್ಲಿ ಮನೆಯ ಪ್ರತಿಯೊಬ್ಬರಿಗೂ ಬೇರೆ ಪಾಲನ್ನೇ ಎತ್ತಿಟ್ಟಿತ್ತು.